ಹಿರೋಷಿಮಾದ ತರಗತಿಯಲ್ಲಿ ವರ್ಜೀನಿಯಾ

ಹಿರೋಷಿಮಾದ ವಿಶ್ವವಿದ್ಯಾಲಯವೊಂದರಲ್ಲಿ ನಾನು ಅಮೆರಿಕದ ಆರಂಭಕಾಲದ ರಾಜಕೀಯವನ್ನು ಇಂಗ್ಲಿಷಿನಲ್ಲಿ ಬೋಧಿಸಲು ಸೇರಿದ ಮೊದಲ ವರ್ಷ ಅದು. ಕರಾರು ಒಂದೇ ವರ್ಷದ್ದು. ವಿಭಾಗದ ಹಿರಿಯ ಪ್ರಾಧ್ಯಾಪಕರು ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುತ್ತಾರೆ, ಅವರು ಒಪ್ಪಿದರೆ ಮುಂದಿನ ಏಪ್ರಿಲಿನಿಂದ ಕೆಲಸ ಮುಂದುವರಿಯುತ್ತದೆ, ಒಪ್ಪದಿದ್ದರೆ ವೀಸಾದ ಅವಧಿಯೊಂದಿಗೆ ನನ್ನ ಜಪಾನ್ ವಾಸವೂ ಮುಗಿಯುತ್ತದೆ ಎಂದು ಸೇರುವಾಗಲೇ ತಿಳಿಸಿದ್ದರು. ಅವರನ್ನು ನಾವೆಲ್ಲರೂ ಸೆನ್ಸೇ, ಅಂದರೆ ಗುರುಗಳು, ಎಂದಷ್ಟೇ ಕರೆಯುತ್ತಿದ್ದೆವು. ಅವರ ಭೇಟಿ ನವೆಂಬರಿಗೆ ನಿಗದಿಯಾಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ದಾವಣಗೆರೆಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ ತಂದೆಗೆ ನಾನು ಏನು ಓದುತ್ತಿದ್ದೇನೆಂದು ಕೊನೆಯವರೆಗೂ ಸರಿಯಾಗಿ ವಿವರಿಸಲು ನನ್ನಿಂದ ಆಗಲಿಲ್ಲ. ಹಾಗಾಗಿ ತಪ್ಪು ಮಾತನಾಡಿಬಿಡುವ ಭಯ ನನಗೆ ಪದವಿಗಳ ಜೊತೆಗೇ ಬೆಳೆಯಿತು. ತರಗತಿಯಲ್ಲಿ ಆಡಬೇಕಾದ ಪ್ರತಿಯೊಂದು ವಾಕ್ಯವನ್ನೂ ಮೊದಲೇ ಬರೆದು ತಿದ್ದಿ ಕಂಠಪಾಠ ಮಾಡಿಕೊಂಡು ಹೋಗುತ್ತಿದ್ದೆ. ವಿದ್ಯಾರ್ಥಿಗಳು ನಕ್ಕರೆ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಗುರುತು ಹಾಕಿಕೊಂಡಿರುತ್ತಿದ್ದೆ. ಅವರು ನಗುತ್ತಿರಲಿಲ್ಲವೆಂಬುದು ಬೇರೆ ವಿಷಯ.

ಸೆನ್ಸೇ ಬರುವ ದಿನಕ್ಕೆ ನಾನು ಆರಿಸಿಕೊಂಡದ್ದು ಅಮೆರಿಕದ ಮೊದಲ ದೊಡ್ಡ ಜಗಳವನ್ನು. ಒಬ್ಬನೇ ಅಧ್ಯಕ್ಷನ ಕೆಳಗೆ ಇಬ್ಬರು ಮಂತ್ರಿಗಳು. ಸ್ವಾತಂತ್ರ್ಯ ಯುದ್ಧಕ್ಕಾಗಿ ರಾಜ್ಯಗಳು ಮಾಡಿದ ಸಾಲವನ್ನೆಲ್ಲ ಕೇಂದ್ರವೇ ವಹಿಸಿಕೊಳ್ಳಬೇಕು, ಕೇಂದ್ರ ಬಲವಾಗಬೇಕು, ಬ್ರಿಟನ್ನಿನೊಡನೆ ವ್ಯಾಪಾರ ಕೆಡಬಾರದು ಎಂಬವನು ಖಜಾನೆಯ ಮಂತ್ರಿ. ಸಂವಿಧಾನ ಕೊಡದ ಅಧಿಕಾರವನ್ನು ಕೇಂದ್ರ ಕಸಿಯಬಾರದು, ಯುದ್ಧದಲ್ಲಿ ಕೈಹಿಡಿದ ಫ್ರಾನ್ಸನ್ನು ಮರೆಯಬಾರದು ಎಂಬವನು ವಿದೇಶಾಂಗ ಮಂತ್ರಿ. ಒಂದೊಂದು ರಾಜ್ಯವನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ವಹಿಸಿ, ಆ ರಾಜ್ಯಕ್ಕೆ ಏನು ಬೇಕು, ಏನು ಬೇಡ ಎಂದು ಒಂದು ಪುಟದಲ್ಲಿ ಬರೆದುಕೊಟ್ಟೆ. ಮುಂದೆ ನಡೆದದ್ದೇನೆಂಬ ಅಧ್ಯಾಯವನ್ನು ಮಾತ್ರ ಹಂಚದೆ ಇಟ್ಟುಕೊಂಡೆ. ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಯಂತೆ ಪರ, ವಿರೋಧ, ಅಧ್ಯಕ್ಷೆಯ ಸ್ಥಾನದಲ್ಲಿ ನಾನು, ಸಮಯ ಮುಗಿದರೆ ಗಂಟೆ. ಚರ್ಚೆಯೆಂದರೆ ನಾನು ಕಂಡಿದ್ದುದು ಅದೊಂದೇ.

ಬಾರಿಸುವ ಗಂಟೆಯೊಂದನ್ನು ಕೇಳಿ ತರಲು ಗೆಳತಿಯ ಮನೆಗೆ ಹೋದೆ. ಅವಳ ಗಂಡ ಕಾರು ಕಂಪನಿಯ ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದವರು. ಅವಳು ದೇವರ ಮುಂದಿನ ಗಂಟೆಯನ್ನೇ ಎತ್ತಿಕೊಟ್ಟಳು.

"ತಗೋ. ಆದ್ರೆ ಇಲ್ಲಿ ಮಕ್ಳು ಫೈಟ್ ಮಾಡಲ್ಲ ಕಣೇ. ನನ್ ಮಗಳ ಸ್ಕೂಲಲ್ಲಿ ಸ್ಪೋರ್ಟ್ಸ್ ಡೇಗೆ ಯಾವ್ ಕಲರ್ ಟೋಪಿ ಅಂತ ಡಿಸೈಡ್ ಮಾಡೋ ಮೀಟಿಂಗಿಗೆ ಹೋಗಿದ್ದೆ. ನಾನು ಹೋಗೋಷ್ಟರಲ್ಲಿ ಎಲ್ಲಾ ಡಿಸೈಡ್ ಆಗೋಗಿತ್ತು. ಮೀಟಿಂಗಲ್ಲಿ ಬರೀ ಟೀ ಕುಡಿದ್ವಿ."

ಇದು ವಿಶ್ವವಿದ್ಯಾಲಯ, ಇಲ್ಲಿ ಶಿಸ್ತು ಬೇರೆ ಎಂದು ನಾನು ತಿಳಿಹೇಳಿದೆ.

"ನೀನು ಹಾಯ್ ಅನ್ನೋಕೂ ಡ್ರಾಫ್ಟ್ ಬರೀತೀಯ. ಅವ್ರು ಇನ್ನೆಷ್ಟು ಬರೀಬಹುದು ಯೋಚ್ನೆ ಮಾಡು" ಎಂದು ನಕ್ಕಳು.

ಆ ದಿನ ಸೆನ್ಸೇ ಬಂದು ಕುಳಿತರು. ನಾನು ಗಂಟೆಯನ್ನು ಮೇಜಿನ ಮೇಲಿಟ್ಟು, ಕಂಠಪಾಠ ಮಾಡಿದ ಪೀಠಿಕೆ ಹೇಳಿ, ಚರ್ಚೆ ಆರಂಭವಾಗಲಿ ಎಂದೆ. ಯಾರೂ ಏಳಲಿಲ್ಲ. ಕೊನೆಗೆ ವರ್ಜೀನಿಯಾದ ಪಾತ್ರ ವಹಿಸಿದ್ದ ವಿದ್ಯಾರ್ಥಿನಿ ಎದ್ದು, ಸುಮಿಮಾಸೆನ್, ಕ್ಷಮಿಸಿ, ಎಂದು ತಲೆಬಾಗಿ, ಮಧ್ಯಾಹ್ನ ಊಟದ ಕೋಣೆಯಲ್ಲಿ ತಾವೆಲ್ಲ ಸೇರಿ ಮಾತನಾಡಿಕೊಂಡಿದ್ದೇವೆಂದಳು. ಸೆನ್ಸೇ ಎದುರಿನಲ್ಲಿ ಜಗಳವಾಡಿ ನನಗೆ ಮುಜುಗರ ತರುವುದು ಸರಿಯಲ್ಲವೆಂದು ಅವರಿಗೆ ಅನ್ನಿಸಿತ್ತಂತೆ.

"ಸಾಲವನ್ನು ಕೇಂದ್ರ ವಹಿಸಿಕೊಳ್ಳಲಿ. ಬದಲಿಗೆ ರಾಜಧಾನಿ ದಕ್ಷಿಣಕ್ಕೆ, ನಮ್ಮ ನದಿಯ ದಡಕ್ಕೆ ಬರಲಿ. ಪೆನ್ಸಿಲ್ವೇನಿಯಾ‍ದವರಿಗೆ ಬೇಸರವಾಗಬಾರದು, ಹಾಗಾಗಿ ಕೆಲವು ವರ್ಷ ಅವರಲ್ಲೇ ಇರಲಿ. ಎಲ್ಲರೂ ಒಪ್ಪಿದ್ದೇವೆ."

ಹೇಳಿ ಕುಳಿತುಬಿಟ್ಟಳು. ಪಾಠ ಮುಗಿಯಲು ಇನ್ನೂ ಒಂದು ಗಂಟೆಗೂ ಮಿಗಿಲಾದ ಸಮಯವಿತ್ತು. ಸೆನ್ಸೇ ಏನನ್ನೋ ಬರೆದುಕೊಂಡರು. ನನ್ನ ಕೈಯಲ್ಲಿದ್ದ ಹಾಳೆಗಳಲ್ಲಿ ಪರ ವಾದಿಸುವವರನ್ನು ಶ್ಲಾಘಿಸುವ ವಾಕ್ಯಗಳಿದ್ದವು, ವಿರೋಧದವರನ್ನು ಸಮಾಧಾನಪಡಿಸುವ ವಾಕ್ಯಗಳಿದ್ದವು. ನಡೆಯದ ಚರ್ಚೆಗೆ ಒಂದು ವಾಕ್ಯವೂ ಇರಲಿಲ್ಲ. ಹಿಂದಿನ ಗೋಡೆಯ ಬಳಿ ನನ್ನ ಏಪ್ರಿಲ್ ಕರಗುತ್ತಿರುವಂತೆ ಕಂಡಿತು.

ಆಮೇಲೆ, ಅವಳು ಹೇಳಿದ್ದು ಏನೆಂಬುದು ನನಗೆ ನಿಧಾನವಾಗಿ ಅರ್ಥವಾಗತೊಡಗಿತು. ನಾನು ಹಂಚದೆ ಇಟ್ಟುಕೊಂಡಿದ್ದ ಅಧ್ಯಾಯದಲ್ಲಿದ್ದುದು ಇದೇ. ಅಂದು ಕೂಡ ಶಾಸನಸಭೆಯಲ್ಲಿ ವಾದ ಕಗ್ಗಂಟಾಗಿ ನಿಂತಾಗ, ವಿದೇಶಾಂಗ ಮಂತ್ರಿಯ ಮನೆಯ ಊಟದ ಮೇಜಿನಲ್ಲಿ ಸಾಲ ಕೇಂದ್ರಕ್ಕೆ ಹೋಯಿತು, ರಾಜಧಾನಿ ದಕ್ಷಿಣಕ್ಕೆ ಬಂತು. ನಡುವಿನ ಹತ್ತು ವರ್ಷ ಅದು ಪೆನ್ಸಿಲ್ವೇನಿಯಾದಲ್ಲೇ ಇತ್ತು. ಓದದೆಯೇ ಈ ಮಕ್ಕಳು ಅಲ್ಲಿಗೆ ತಲುಪಿದ್ದರು. ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಕಂಡು ಒಪ್ಪಿಸುವ ತಮ್ಮ ನಾಡಿನ ರೂಢಿಯಿಂದಲೇ ತಲುಪಿದ್ದರು.

ನಾನು ಹಾಳೆಗಳನ್ನು ಮಗುಚಿಟ್ಟೆ. ಹೀಗೆಯೇ ನಡೆಯಿತು, ಒಂದು ಊಟದಲ್ಲಿ, ಎಂದು ಅವರಿಗೆ ಹೇಳಿದೆ. ತರಗತಿಯಲ್ಲಿ ಸಣ್ಣದೊಂದು ಸಂಚಲನವಾಯಿತು. ಹಾಗಾದರೆ ಮುಂದಿನ ಕೆಲವೇ ವರ್ಷಗಳಲ್ಲಿ ಇದೇ ಜನ ಎರಡು ಪಕ್ಷಗಳಾಗಿ ಒಡೆದು ಪತ್ರಿಕೆಗಳಲ್ಲಿ ಒಬ್ಬರನ್ನೊಬ್ಬರು ಏಕೆ ಬೈದುಕೊಂಡರು ಎಂದು ಕೇಳಿದೆ. ಆಗ, ಬರೆದುಕೊಂಡಿರದ, ತಿದ್ದಿರದ ವಾಕ್ಯವೊಂದು ನನ್ನ ಬಾಯಿಂದ ಹೊರಟಿತು.

"ಇವತ್ತಿನ ಊಟದಲ್ಲಿ ಯಾರು ಇರಲಿಲ್ಲ?"

ಎಲ್ಲರ ಕಣ್ಣುಗಳೂ ಕಿಟಕಿಯ ಪಕ್ಕಕ್ಕೆ ಹೋದವು. ಅಲ್ಲಿದ್ದವನು ಜಾರ್ಜಿಯಾದ ಪ್ರತಿನಿಧಿ. ಮಧ್ಯಾಹ್ನ ಕೊಂಬಿನಿ ಅಂಗಡಿಯಲ್ಲಿ ಅರೆಕಾಲಿಕ ಕೆಲಸ ಮಾಡುವ ಎತ್ತರದ ವಿದ್ಯಾರ್ಥಿ. ಅವನು ನಿಧಾನವಾಗಿ ಎದ್ದು ನಿಂತ.

"ಸುಮಿಮಾಸೆನ್. ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಆ ಸಾಲಕ್ಕೆ ನನ್ನ ರಾಜ್ಯವೂ ತೆರಿಗೆ ಕಟ್ಟಬೇಕು."

ಎಲ್ಲರ ಒಳಿತಿಗಾಗಿಯೇ ನಿರ್ಧರಿಸಿದೆವೆಂದು ವರ್ಜೀನಿಯಾ ಮೆಲುದನಿಯಲ್ಲಿ ಹೇಳಿತು. ಎಲ್ಲರ ಪರವಾಗಿ ನಿರ್ಧರಿಸುವ ಅಧಿಕಾರ ಸಂವಿಧಾನದ ಯಾವ ಸಾಲಿನಲ್ಲಿದೆ, ತೋರಿಸಿ ಎಂದು ಜಾರ್ಜಿಯಾ ಕೇಳಿತು. ಮ್ಯಾಸಚೂಸೆಟ್ಸ್ ಪುಟ ತಿರುಗಿಸತೊಡಗಿತು. ಎಲ್ಲವನ್ನೂ ಬರೆದಿಡಲು ಸಾಧ್ಯವೇ, ಕೆಲಸ ಆಗಬೇಕಾದರೆ ಅಗತ್ಯದ ಅಧಿಕಾರ ಇದ್ದೇ ಇರುತ್ತದೆ ಎಂದಿತು. ತಮ್ಮ ಅಪ್ಪನ ಕಾರ್ಖಾನೆಯಲ್ಲೂ ಮುಖ್ಯ ಕಚೇರಿ ಇದನ್ನೇ ಹೇಳುವುದು ಎಂದು ಯಾರೋ ಅಂದರು, ಆ ವರ್ಷ ಮೊದಲ ಬಾರಿಗೆ ತರಗತಿ ನಕ್ಕಿತು. ಅಲ್ಲಿಂದ ರಾಷ್ಟ್ರೀಯ ಬ್ಯಾಂಕಿಗೆ, ಬ್ಯಾಂಕಿನಿಂದ ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಯುದ್ಧಕ್ಕೆ ಮಾತು ತಾನೇ ಹರಿಯಿತು. ಬ್ರಿಟಿಷ್ ಹಡಗುಗಳಿಲ್ಲದೆ ನಮ್ಮ ಬಂದರಿಗೆ ಉಳಿವಿಲ್ಲ ಎಂದ ಮ್ಯಾಸಚೂಸೆಟ್ಸಿಗೆ, ಕಷ್ಟಕಾಲದ ಗೆಳೆಯನನ್ನು ಬಿಡುವವರನ್ನು ನಾಳೆ ಯಾರು ನಂಬುತ್ತಾರೆ ಎಂದು ವರ್ಜೀನಿಯಾ ಎದುರಾಯಿತು. ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಂಡವರು ಅವರಿಬ್ಬರು. ಗಂಟೆ ಮೇಜಿನ ಮೇಲೆಯೇ ಇತ್ತು. ಬಾರಿಸಲು ನನಗೆ ಮನಸ್ಸಾಗಲಿಲ್ಲ.

ತರಗತಿ ಮುಗಿದು ಮೊಗಸಾಲೆಗೆ ಬಂದಾಗ ಸೆನ್ಸೇ ಕಾಯುತ್ತಿದ್ದರು. ಪಾಠದ ಆರಂಭ ಕಾಗದದಿಂದ ಓದಿದಂತಿತ್ತು ಎಂದು ಮೊದಲು ದೋಷವನ್ನೇ ಹೇಳಿದರು. ನಾನು ಕ್ಷಮೆ ಕೇಳಲು ಸಿದ್ಧಳಾದೆ. ಆದರೆ ಅವರು ಮಾತು ಮುಂದುವರಿಸಿ, ಈ ಕಟ್ಟಡದಲ್ಲಿ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಇಲ್ಲ ಎಂದದ್ದನ್ನು ತಾವು ಕೇಳಿ ಬಹಳ ಕಾಲವಾಯಿತೆಂದೂ, ಏಪ್ರಿಲಿನಿಂದ ಎರಡನೆಯ ವರ್ಷದ ತರಗತಿಯನ್ನೂ ನಾನೇ ತೆಗೆದುಕೊಳ್ಳಬೇಕೆಂದೂ ತಿಳಿಸಿದರು. ಅರಿಗಾತೋ ಗೊಝೈಮಾಸು ಎಂದು ಧನ್ಯವಾದ ಹೇಳುವಾಗ ನನ್ನ ಧ್ವನಿ ಇರಬೇಕಾದುದಕ್ಕಿಂತ ಗಟ್ಟಿಯಾಗಿತ್ತು. ಪಕ್ಕದ ಕೊಠಡಿಯ ಬಾಗಿಲು ತೆರೆದು ಯಾರೋ ಇಣುಕಿ ನೋಡಿದರು. ನೋಡಲಿ ಎನ್ನಿಸಿತು.

ಬಸ್ ನಿಲ್ದಾಣದಲ್ಲಿ ವರ್ಜೀನಿಯಾ ಮತ್ತು ಜಾರ್ಜಿಯಾ ಇನ್ನೂ ವಾದಿಸುತ್ತಿದ್ದರು. ಈಗ ಜಪಾನಿ ಭಾಷೆಯಲ್ಲಿ, ಹೆಚ್ಚು ವೇಗವಾಗಿ. ನನ್ನನ್ನು ಕಂಡು ಅವಳು ಇಂಗ್ಲಿಷಿಗೆ ತಿರುಗಿ, ನೀವು ಯಾರ ಕಡೆ ಎಂದು ಕೇಳಿದಳು. ಇಷ್ಟು ವರ್ಷ ಇಂಥ ಪ್ರಶ್ನೆಗೆ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ ಎಂಬ ಸುರಕ್ಷಿತ ಉತ್ತರ ನನ್ನಲ್ಲಿ ಸಿದ್ಧವಾಗಿರುತ್ತಿತ್ತು.

ನಾನು ಖಜಾನೆಯ ಮಂತ್ರಿಯ ಕಡೆ ಎಂದೆ. ಅವನು ದ್ವೀಪವೊಂದರಿಂದ ಬಂದವನು, ಬೆನ್ನಿಗೆ ಮನೆತನವಿಲ್ಲದವನು, ಬಂದ ನಾಡನ್ನು ಗಟ್ಟಿಯಾಗಿ ಕಟ್ಟಬೇಕೆಂಬ ಅವನ ಆತುರ ನನಗೆ ಅರ್ಥವಾಗುತ್ತದೆ ಎಂದೆ.

"ಸೆನ್ಸೇ, ನನಗೆ ಹಾಗೆ ಅನ್ನಿಸುವುದಿಲ್ಲ" ಎಂದಳು, ತಲೆ ಬಾಗಿಸದೆ.

ಬಸ್ಸು ಬಂತು. ಏಕೆ ಅನ್ನಿಸುವುದಿಲ್ಲ ಎಂದು ಕೇಳುತ್ತ ನಾನು ಅವರಿಬ್ಬರ ಹಿಂದೆಯೇ ಹತ್ತಿದೆ. ಊರಿನ ಮಧ್ಯಭಾಗ ತಲುಪುವವರೆಗೂ ಅವಳು ಕಾರಣಗಳನ್ನು ಹೇಳುತ್ತಲೇ ಇದ್ದಳು.