ಗಾಜಿನೊಳಗೆ ಉಳಿದಿದ್ದ ಕರೆಂಟು

ತಂಗಿಯ ಕಂಪ್ಯೂಟರ್ ಮಾನಿಟರ್ ಕೆಡಿಸಿದವನು ನಾನು. ಮನೆಯಲ್ಲಿ ಈಗಲೂ ಅವಳೇ ಒಡೆದಳು ಎನ್ನುತ್ತಾರೆ. ಕೇಳಿದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ತೆಲಂಗಾಣ ಚಳವಳಿಯ ವರ್ಷಗಳು. ಜಹೀರಾಬಾದಿನಲ್ಲಿ ಬಂದ್ ಆದರೆ ಬಸ್ಸಿಲ್ಲ, ಮುಷ್ಕರವಾದರೆ ಕರೆಂಟಿಲ್ಲ. ತಂಗಿ ನಾರಾಯಣಖೇಡದಲ್ಲಿ ಟೈಪಿಂಗ್ ಅಂಗಡಿ ಹಾಕುವವಳಿದ್ದಳು. ಅಂಗಡಿ ಆಗದಿದ್ದರೆ ಮದುವೆ ಎಂದು ಅಪ್ಪ ಷರತ್ತು ಹಾಕಿದ್ದ. ಅವಳು ತಂದ ಹಳೆಯ ಡಬ್ಬಾ ಮಾನಿಟರಿನಲ್ಲಿ ಚಿತ್ರವೇ ಇಲ್ಲ, ನಡುವೆ ಅಡ್ಡಕ್ಕೊಂದು ಬಿಳಿ ಗೀರು. ಮೇಲೆ ಗುದ್ದಿದರೆ ಚಿತ್ರ ಅರಳಿ ಮತ್ತೆ ಗೀರಾಗುತ್ತಿತ್ತು.

ಎಲ್ಲೋ ಬೆಸುಗೆ ಬಿಟ್ಟಿದೆ ಎಂದೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ತಾಂಡೂರಿನ ಟಿವಿ ಅಂಗಡಿಯಲ್ಲಿ ಕಲಿತವನು ನಾನು. ನೋಡುತ್ತಿರುವಾಗಲೇ ಕರೆಂಟ್ ಹೋಯಿತು. ಕರೆಂಟ್ ಯಾರಿಗೆ ಬೇಕು ಎಂದು ಹಿಂದಿನ ಮುಚ್ಚಳ ಬಿಚ್ಚಿ, ಹಳೆಯ ತಾಮ್ರದ ಬೆಸುಗೆ ಕಡ್ಡಿಯನ್ನು ಒಲೆಯ ಕೆಂಡಕ್ಕಿಟ್ಟೆ.

"ಟ್ಯೂಬಿನ ಮ್ಯಾಲಿನ ರಬ್ಬರ್ ಟೊಪ್ಪಿಗಿ ತೆಗಿ. ಬೋರ್ಡ್ ಹೊರಗ ಬರ್ತದ," ಎಂದೆ ಒಲೆಯ ಹತ್ತಿರದಿಂದಲೇ.

"ನೀನೇ ತೆಗಿಯಪ್ಪಾ. ಶಾಕ್ ಹೊಡದ್ರ?"

"ಊರಿಗೇ ಕರೆಂಟಿಲ್ಲ, ನಿನ್ನೊಬ್ಬಾಕಿಗಿ ಎಲ್ಲಿಂದ ಬರ್ತದ? ಅಂಗಡಿ ಹಾಕ್ತಾಳಂತ, ಅಂಗಡಿ!"

ಕರೆಂಟ್ ಹೋದ ಮೇಲೂ ಆ ಟ್ಯೂಬಿನ ಗಾಜು ಒಂದಷ್ಟನ್ನು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಟೊಪ್ಪಿಗೆಯಡಿ ತಂತಿ ಕಟ್ಟಿದ ಸ್ಕ್ರೂಡ್ರೈವರ್ ತೂರಿಸಿ ಮೊದಲು ಅದನ್ನು ಇಳಿಸಬೇಕು. ಟಿವಿ ಅಂಗಡಿಯ ಉಸ್ತಾದ್ ನನ್ನ ತಲೆಗೆ ಮೊಟಕಿ ಕಲಿಸಿದ ಮೊದಲ ಪಾಠ. ಅವತ್ತು ಅದನ್ನೇ ನಾನು ಮಾಡಲಿಲ್ಲ.

ಅವಳು ಬೆರಳು ತೂರಿಸಿದಳು. ಚಟ್ ಎಂದಿತು. ಹಾರಿದ ಕೈ ಟ್ಯೂಬಿನ ಸಪೂರ ಕುತ್ತಿಗೆಗೆ ಬಡಿದು ಗಾಜು ಮುರಿಯಿತು. ಸುಸ್ಸೆಂದು ಒಳಗೆ ಗಾಳಿ ನುಗ್ಗಿತು. ಗಾಳಿ ಹೊಕ್ಕ ಟ್ಯೂಬಿಗೆ ಇನ್ನು ಯಾವ ರಿಪೇರಿಯೂ ಇಲ್ಲ.

ಅಪ್ಪ ಓಡಿಬಂದ. "ಹೆಣ್ಮಕ್ಕಳ ಕೈಗಿ ಮಶೀನ್ ಕೊಟ್ರ ಇದೇ ಹಣೇಬರಹ! ಆತು, ಮುಗೀತು ನಿನ್ನ ಅಂಗಡಿ."

ಅವಳು ಶಾಕ್ ಹೊಡೆದ ಕೈಯನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡಿದಳು. "ಅಣ್ಣಾ, ಹೇಳು ಮತ್ತ."

"ಮುಟ್ಟಬ್ಯಾಡ ಅಂದಿದ್ದೆ ಅಕಿಗಿ," ಎಂದೆ.

ಎಂಥ ಹೇಡಿ! ಆ ಬೇಸಿಗೆಯಲ್ಲೇ ಮದುವೆ ಮಾಡಿದರು. ಚಪ್ಪರಕ್ಕೆ ದೀಪದ ಸರ ಕಟ್ಟಿದವನೂ ನಾನೇ. ಅವಳಾದರೂ ನನ್ನ ಕೊರಳಪಟ್ಟಿ ಹಿಡಿದು ಕೇಳಬಾರದಿತ್ತೇ? ಆ ಸಿಟ್ಟೂ ನನಗಿದೆ, ನಾಚಿಕೆಯಿಲ್ಲದ ಸಿಟ್ಟು.

ಹೋದ ಸಲ ತಂಗಿ ತವರಿಗೆ ಬಂದಾಗ ನಾನು ಯಾರದೋ ಹಳೆಯ ಟಿವಿ ಬಿಚ್ಚಿಕೊಂಡು ಕುಳಿತಿದ್ದೆ. ಅವಳ ಮಗಳು ಹತ್ತಿರ ಬಂದು ಬಗ್ಗಿದಳು.

"ದೂರ ನಿಂದ್ರವ್ವಾ," ಎಂದಳು ತಂಗಿ. "ಮಾಮಾ ಕರೆಂಟಿಲ್ಲ ಅಂದ್ರೂ ಮುಟ್ಟಬ್ಯಾಡ."

ಅಪ್ಪ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. "ಒಮ್ಮಿ ಒಡದಾಕಿಗಿ ಬುದ್ಧಿ ಬಂದಾದ," ಎಂದು ನಕ್ಕ.

ನಾನು ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಲೇ ಇದ್ದೆ.