ತೊಗರಿಗೆ ಕಲ್ಲಿನ ಕಾವಲು

ಸೇಡಂಗೆ ಬಂದ ಮರುದಿನ ಬೆಳಿಗ್ಗೆ ಪಾಠ ಹೇಳಲು ಕಾಲೇಜಿಗೆ ನಡೆದು ಹೊರಟವಳು ರಸ್ತೆಯಲ್ಲೇ ನಿಂತುಬಿಟ್ಟೆ. ಅರ್ಧ ಡಾಂಬರಿನ ಮೇಲೆ ತೊಗರಿ ಒಣಗುತ್ತಿತ್ತು. ಲಾರಿ ಹತ್ತದಿರಲೆಂದು ಅಂಚಿಗೆ ದೊಡ್ಡ ಕಲ್ಲುಗಳನ್ನು ಇಟ್ಟಿದ್ದರು. ಉಳಿದರ್ಧದಲ್ಲಿ ಸಿಮೆಂಟ್ ಟ್ಯಾಂಕರುಗಳು, ಸೈಕಲ್ಲುಗಳು, ಶಾಲೆಯ ಮಕ್ಕಳು, ನಾನು. ಮೈಸೂರಿನ ಆಸುಪಾಸಿನಲ್ಲಿ ಹುರುಳಿಯನ್ನು ರಸ್ತೆಗೆ ಹಾಕುವುದನ್ನು ಕಂಡಿದ್ದೆ. ಕಾಳಿಗೆ ಕಾವಲಿಟ್ಟು ಮನುಷ್ಯರನ್ನು ಚಕ್ರದ ಮುಂದೆ ಬಿಡುವುದನ್ನು ಕಂಡಿರಲಿಲ್ಲ.

ಮನೆ ಮಾಲೀಕರಾದ ಶರಣಪ್ಪನವರು ಸೈಕಲ್ಲಿನಲ್ಲಿ ದಾಲ್ ಮಿಲ್ಲಿಗೆ ಹೋಗುವವರು. ನನ್ನ ಅಂಜಿಕೆಗೆ ನಕ್ಕರು. “ಹಾರ್ನ್ ಕೇಳಿದ್ರ ಬಾಜೂ ಸರೀರಿ ಮೇಡಂ, ಮುಗೀತು.”

ಬಾಜೂ ಎಂದರೆ ಪಕ್ಕ. ಸರಿಯಲು ಪಕ್ಕವೆಲ್ಲಿದೆ ಎಂದೆ. ಒಳಗಿನಿಂದ ಅವರ ಹೆಂಡತಿ ಗುರಮ್ಮ, “ಮೈಸೂರಾಗ ಏನು ರಾಜರೇ ಬಂದು ಕೈ ಹಿಡದು ರಸ್ತಾ ದಾಟಸ್ತಾರೇನ್ರಿ?” ಎಂದರು.

ಆ ಮನೆಯಲ್ಲೇ ವರ್ಷ ಕಳೆಯಿತು. ಬೇಸಿಗೆಯಲ್ಲಿ ಕಲ್ಲುಚಪ್ಪಡಿಯ ಮಾಳಿಗೆ ಹೆಂಚಿನಂತೆ ಕಾದು ನಿದ್ದೆ ಕೊಡುತ್ತಿರಲಿಲ್ಲ. ಒಂಟಿತನ ಹೆಚ್ಚಾದಾಗ ಗುರಮ್ಮನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದನ್ನು ಕಲಿತೆ. ಹರಿಯದ ಮೊದಲ ರೊಟ್ಟಿಯನ್ನು ಶರಣಪ್ಪನವರು ಓಣಿಗೆಲ್ಲ ತೋರಿಸಿ ಬಂದಿದ್ದರು.

ಮತ್ತೆ ತೊಗರಿಯ ಕಾಲ ಬಂತು. ಅಂದು ಅವರು ಸೈಕಲ್ಲಿನಲ್ಲಿ ನನಗಿಂತ ಸ್ವಲ್ಪ ಮುಂದೆ ಹೋಗುತ್ತಿದ್ದರು. ಹಿಂದೆ ಟ್ಯಾಂಕರಿನ ಹಾರ್ನ್. ಶರಣಪ್ಪನವರು ಬ್ರೇಕ್ ಹಾಕಿ, ಕಲ್ಲುಗಳ ನಡುವಿನ ಸಂದಿಯಲ್ಲಿ ಎಡಗಾಲು ಚಾಚಿದರು. ಕೆಳಗೆ ತೊಗರಿ. ಚಪ್ಪಲಿಗಾಲನ್ನು ತಟ್ಟನೆ ಮೇಲೆಳೆದುಕೊಂಡರು. ಸೈಕಲ್ ಬಲಕ್ಕೆ, ಟ್ಯಾಂಕರಿನ ಚಕ್ರದ ಕಡೆಗೆ ವಾಲಿತು.

ಈಗಲೂ ಕಣ್ಣು ಮುಚ್ಚಿದರೆ ಆ ಕಾಲು ಕೆಳಗಿಳಿಯುತ್ತದೆ. ಕಾಲು ಊರ್ರಿ, ಊರ್ರಿ ಎಂದು ಕೂಗುತ್ತೇನೆ. ಮೇಲೇಳುತ್ತದೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅವರಿಗೆ ಎಚ್ಚರವಾದಾಗ, ಯಾಕೆ ಕಾಲೂರಲಿಲ್ಲ ಎಂದು ಕೇಳಿದೆ.

“ಅನ್ನ ಅಲ್ಲೇನ್ರಿ ಮೇಡಂ ಅದು? ಚಪ್ಪಲಿ ಹಾಕ್ಕೊಂಡು ಹ್ಯಾಂಗ ತುಳೀಲಿ?”

ನಾನು ಕಿರುಚಿಬಿಟ್ಟೆ. ಜೀವಕ್ಕಿಂತ ತೊಗರಿ ದೊಡ್ಡದೇ, ನಿಮ್ಮ ಜನಕ್ಕೆ ಬುದ್ಧಿಯೇ ಇಲ್ಲವೇ ಎಂದೆ.

ಮಂಚದ ಪಕ್ಕ ಕೂತಿದ್ದ ಗುರಮ್ಮ ತಲೆ ಎತ್ತಿದರು. “ಬಿದ್ದವರಿಗೇ ಯಾಕ ಬೈಲಿಕತ್ತೀರಿ? ರಸ್ತಾದಾಗ ಹರವಿದವರಿಗೆ ಬೈರಿ. ಹಾರ್ನ್ ಹೊಡದು ಮ್ಯಾಲ ಬಂದವಗ ಬೈರಿ.”

ಹರವಿದವರನ್ನು ಯಾರೂ ಕೇಳಲಿಲ್ಲ. ಮರುದಿನ ರಕ್ತ ತಾಗಿದಷ್ಟು ಕಾಳನ್ನು ಗುಡಿಸಿ ಬದಿಗೆ ಚೆಲ್ಲಿ, ಉಳಿದದ್ದನ್ನು ಮತ್ತೆ ಹರವಿದ್ದರು.

ರಜೆಗೆ ಮೈಸೂರಿಗೆ ಬಂದೆ. ಇಲ್ಲಿ ಫುಟ್‌ಪಾತಿನಲ್ಲಿ ನಡೆಯುವಾಗಲೂ ಹಾರ್ನ್ ಕೇಳಿದರೆ ಗೋಡೆಗೆ ಒತ್ತಿ ನಿಲ್ಲುತ್ತೇನೆ. ಊಟದ ಹೊತ್ತಿನಲ್ಲಿ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ತೊಗರಿಬೇಳೆ ಸಾರು ಬಡಿಸಿಕೊಳ್ಳುತ್ತಾ, “ಆ ಜನಕ್ಕೆ ಬುದ್ಧಿ ಇಲ್ಲ ಕಣೇ. ಬಿಟ್ಟು ಬಂದ್ಬಿಡು,” ಎಂದ.

ನನ್ನದೇ ಮಾತು. ಅವನ ಬಾಯಲ್ಲಿ ಕೇಳಲಾಗಲಿಲ್ಲ.

“ಹಂಗ ಅನಬ್ಯಾಡ,” ಎಂದುಬಿಟ್ಟೆ.

ಅಣ್ಣ ನಕ್ಕ. “ಯಾವೂರವಳೇ ನೀನೀಗ?”

ಸೇಡಂನ ಆ ರಸ್ತೆಗೆ ಮತ್ತೆ ಇಳಿಯಲು ಅಂಜುತ್ತೇನೆ. ಆದರೂ ಅಣ್ಣನ ಎದುರು ಕೂತು ಆ ಊಟ ಮುಗಿಸಲು ನನ್ನಿಂದಾಗಲಿಲ್ಲ.