ಮೂರು ಇಗರ್ಜಿಗೆ ಒಬ್ಬರೇ ಫಾದರ್

ಆ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಇಗರ್ಜಿಯ ಪಕ್ಕದ ಸಭಾಂಗಣದಲ್ಲಿ ನಾವು ಹದಿನಾಲ್ಕು ಮಂದಿ ಕೂತಿದ್ದೆವು. ನಮ್ಮ ಇಗರ್ಜಿಯ ಫಾದರ್, ಕಾನ್ವೆಂಟಿನ ಒಬ್ಬರು ಸಿಸ್ಟರ್, ಪಾಲನಾ ಮಂಡಳಿಯ ಉಪಾಧ್ಯಕ್ಷರು, ಉಳಿದಂತೆ ಹನ್ನೊಂದು ವಾಡೆಗಳ ಗುರ್ಕಾರರು. ವಾಡೆ ಅಂದರೆ ಇಗರ್ಜಿಗೆ ಸೇರಿದ ಮನೆಗಳ ಒಂದೊಂದು ಗುಂಪು; ಗುರ್ಕಾರ ಅಂದರೆ ತಮ್ಮ ವಾಡೆಯ ಮನೆಗಳ ಸುಖ ದುಃಖಕ್ಕೆ ಮೊದಲು ಓಡಬೇಕಾದವರು. ನಮ್ಮ ವಾಡೆಗೆ ಆ ವರ್ಷ ಗುರ್ಕಾರಳಾಗಿ ಆರಿಸಿ ಬಂದವಳು ನಾನು. ನನ್ನ ಪಕ್ಕದ ಕುರ್ಚಿಯಲ್ಲಿ ಎಲ್ಲರಿಗಿಂತ ಹಿರಿಯ ಗುರ್ಕಾರರು, ಕೊಡೆಯನ್ನು ಮೊಣಕಾಲಿಗೆ ಆನಿಸಿ ಕೂತಿದ್ದರು. ಮಾತೆಲ್ಲ ಕೊಂಕಣಿಯಲ್ಲೇ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಂಟ್ವಾಳ ತಾಲೂಕಿನ ಅಂಚು. ಒಂದು ಕಡೆ ಹೋದರೆ ಬೆಳ್ತಂಗಡಿ, ಇನ್ನೊಂದು ಕಡೆ ಹೋದರೆ ಮೂಡಬಿದ್ರಿ. ಆ ಎರಡು ಕಡೆಯೂ ನಮ್ಮಷ್ಟೇ ಸಣ್ಣ ಒಂದೊಂದು ಇಗರ್ಜಿ ಉಂಟು. ಫಾದರ್ ಹೇಳಿದ್ದು ಇಷ್ಟು: ಬರುವ ಬೇಸಿಗೆಯಿಂದ ಮೂರಕ್ಕೂ ಒಬ್ಬರೇ ಗುರುಗಳು. ಅವರ ವಾಸ ಮೂಡಬಿದ್ರಿ ಕಡೆಯ ಇಗರ್ಜಿಯಲ್ಲಿ. ನಮಗೆ ಶನಿವಾರ ಸಂಜೆಯ ಪೂಜೆ; ಭಾನುವಾರ ಬೆಳಿಗ್ಗೆ ಅವರು ಉಳಿದೆರಡು ಕಡೆ ಇರುತ್ತಾರೆ. ತಾನು ಬೇರೆ ಕಡೆ ಹೋಗುತ್ತೇನೆ, ತನ್ನ ಜಾಗಕ್ಕೆ ಯಾರೂ ಬರುವುದಿಲ್ಲ ಅಂತ.



ಸಿಸ್ಟರ್ ಹೇಳಿದರು, "ಗುರುಗಳು ಬೇಕಾದ್ರೆ ವಾಡೆಗೊಬ್ಬ ಹುಡುಗನನ್ನು ಸೆಮಿನರಿಗೆ ಕಳಿಸಿ."

"ನಮ್ಮ ವಾಡೆಯಲ್ಲಿ ಮದುವೆ ಪ್ರಾಯದ್ದು ಒಂದೇ ಉಂಟು ಸಿಸ್ಟರ್," ಹಿರಿಯ ಗುರ್ಕಾರರು ಅಂದರು. "ಅವನಿಗೆ ಹೆಣ್ಣು ಸಿಗ್ಲಿ ಅಂತ ತಾಯಿ ಒಂಬತ್ತು ದಿನದ ನೊವೇನ ಪ್ರಾರ್ಥನೆ ಹೇಳ್ತಾ ಇದ್ದಾಳೆ. ಸಿಗದಿದ್ರೆ ನಿಮಗೇ ಕೊಡ್ತೇವೆ."

ನಗು ಬೇಗ ಆರಿತು. ಫಾದರ್ ಕಾಯಿಲೆಯವರ ವಿಷಯಕ್ಕೆ ಬಂದರು. "ಇಷ್ಟು ದಿನ ಯಾರಿಗಾದರೂ ಜೀವ ಹೋಗುವ ಹಾಗಾದರೆ ಮೈದಾನ ದಾಟಿ ಬಂದು ಬಾಗಿಲು ತಟ್ಟುತ್ತಿದ್ದಿರಿ, ಹತ್ತು ನಿಮಿಷಕ್ಕೆ ನಾನು ಬರುತ್ತಿದ್ದೆ. ಇನ್ನು ಅದು ನಡೆಯುವುದಿಲ್ಲ. ಹಾಸಿಗೆ ಹಿಡಿದವರ ಹೆಸರುಗಳನ್ನು ಪ್ರತಿ ಗುರ್ಕಾರರು ಪಟ್ಟಿ ಮಾಡಿ ಕೊಡಬೇಕು, ಗುರುಗಳು ಮೊದಲೇ ಬಂದು ಕುಮ್ಸಾರ್ ಕೇಳಿ ಪವಿತ್ರ ತೈಲ ಹಚ್ಚಿ ಹೋಗುತ್ತಾರೆ." ಕುಮ್ಸಾರ್ ಅಂದರೆ ಮಾಡಿದ ಪಾಪವನ್ನು ಗುರುಗಳ ಕಿವಿಯಲ್ಲಿ ಹೇಳಿ ಕ್ಷಮೆ ಪಡೆಯುವುದು. "ಕೊನೇ ಉಸಿರಿನವರೆಗೆ ಕಾಯಬೇಡಿ," ಅಂದರು.

"ಅದು ಕಷ್ಟ ಫಾದರ್," ಹಿರಿಯರು ಕೊಡೆ ನೆಟ್ಟಗೆ ಮಾಡಿದರು. "ತೈಲದ ಡಬ್ಬಿ ಹಿಡಿದು ನೀವು ಮೆಟ್ಟಿಲು ಹತ್ತಿದ್ರೆ ಪೆಟ್ಟಿಗೆ ಮಾಡುವವ ಹಿಂದೆಯೇ ಬರ್ತಾನೆ ಅಂತ ನಮ್ಮವರ ಲೆಕ್ಕ. ಬದುಕಬೇಕಾದವರೂ ಹೆದರಿ ಹೋಗ್ತಾರೆ ಮಾರಾಯ್ರೆ."

ಎಲ್ಲರೂ ತಲೆ ತಗ್ಗಿಸಿದರು. ನನ್ನ ಮನೆಯಲ್ಲಿ ಮಾಂಯ್ ಇದ್ದರು.

ಮಾಂಯ್ ಅಂದರೆ ನನ್ನ ಅತ್ತೆ. ಎದೆಯಲ್ಲಿ ನೀರು ತುಂಬುವ ಕಾಯಿಲೆ. ಆರು ತಿಂಗಳಿಂದ ಮಂಚ ಬಿಟ್ಟು ಎದ್ದಿರಲಿಲ್ಲ. ನನಗೆ ಪ್ರಾರ್ಥನೆಯ ಉದ್ದ ಮಾತುಗಳನ್ನೂ ಬೈಗುಳದ ಗಿಡ್ಡ ಮಾತುಗಳನ್ನೂ ಕಲಿಸಿದವರು ಅವರೇ. ಅವರ ಬಾಲ್ಯದಲ್ಲಿ ಗುರುಗಳು ಸಾಯುವವರ ಮನೆಗೆ ಪ್ರಸಾದ ಹೊತ್ತು ನಡೆದು ಹೋಗುವಾಗ ಮುಂದೆ ಒಬ್ಬ ಗಂಟೆ ಬಾರಿಸುತ್ತಿದ್ದನಂತೆ. ಗದ್ದೆಯಲ್ಲಿ ನೇಜಿ ನೆಡುವವರು ಕೆಸರಿನಲ್ಲೇ ಮಂಡಿಯೂರುತ್ತಿದ್ದರಂತೆ. ಅದನ್ನು ಹೇಳಿದಾಗಲೆಲ್ಲ ಕೊನೆಗೆ ಒಂದು ಮಾತು: "ನನಗೆ ದೊಡ್ಡ ಆಸ್ಪತ್ರೆ ಬೇಡ ಬಾಯೇ. ಕುಮ್ಸಾರ್ ಹೇಳಿ ಸಾಯಬೇಕು, ಅಷ್ಟೇ."

ಆದರೆ ಆ ಕುಮ್ಸಾರಿಗೆ ಫಾದರನ್ನು ಕರೆಯುವುದು ಹೇಗೆ? ಕೆಲವು ತಿಂಗಳ ಹಿಂದೆ ಒಂದು ಮಂಗಳವಾರ ಫಾದರ್ ವಾಡೆಯ ಸಭೆಯ ವಿಷಯ ಮಾತಾಡಲು ಬಂದು ಜಗಲಿಯಲ್ಲಿ ಚಾ ಕುಡಿದು ಹೋಗಿದ್ದರು. ಅವರ ಸ್ವರ ಒಳಗೆ ಕೇಳಿದ್ದೇ ಸಾಕು, ಮಾಂಯ್ ಗೋಡೆಗೆ ಮುಖ ಮಾಡಿ ಮಲಗಿದರು. ಎರಡು ದಿನ ಗಂಜಿ ಮುಟ್ಟಲಿಲ್ಲ. ನಾದಿನಿಯರಿಬ್ಬರಿಗೆ ಫೋನ್ ಮಾಡಿಸಿ ಸೀರೆ ಹಂಚಿದರು. "ಡಾಕ್ಟರ್ ಏನಂದ? ನನ್ನಿಂದ ಯಾಕೆ ಮುಚ್ಚಿಡ್ತೀರಿ?" ಅಂತ ನನ್ನ ಗಂಡನನ್ನು ಹಿಡಿದು ಕೇಳಿದರು. ಸೀರೆಗಳನ್ನು ವಾಪಸು ತರಿಸಲು ನನಗೆ ತಿಂಗಳು ಹಿಡಿಯಿತು.

ಸಭೆ ಮುಗಿಸಿ ಬಂದವಳನ್ನು ಮಾಂಯ್ ಕೇಳಿದರು, "ಏನು ಮಾತಾಯ್ತು?"

"ಏನಿಲ್ಲ. ಹಬ್ಬಕ್ಕೆ ಶಾಮಿಯಾನದ ವಿಷಯ," ಅಂದೆ.

ಪಟ್ಟಿಗೆ ನಮ್ಮ ವಾಡೆಯ ನಾಲ್ಕು ಹೆಸರು ಬರೆದೆ. ಐದನೆಯದಕ್ಕೆ ಪೆನ್ನು ಇಟ್ಟು ತೆಗೆದೆ. ಆರಾಮ ಇರುವಾಗ ಕರೆದರೆ ಹೆದರಿಕೆಯಿಂದಲೇ ಹೋದರೆ? ಹಾಗಂತ ಕಾದು ಕೂತು, ಆ ಹೊತ್ತು ಬಂದಾಗ ಯಾರೂ ಸಿಗದಿದ್ದರೆ? ಮುಂದಿನ ವಾರ ಬರೆಯುವ ಅಂತ ಹಾಳೆ ಮಡಚಿ ಕೊಟ್ಟುಬಿಟ್ಟೆ. ಮುಂದಿನ ವಾರವೂ ಹಾಗೇ.

ಬೇಸಿಗೆಗೆ ಫಾದರ್ ಹೋದರು. ಗುರುಗಳ ಮನೆಯ ಬಾಗಿಲಿಗೆ ಬೀಗ ಬಿತ್ತು. ಅಡುಗೆಮನೆಯ ಕಿಟಕಿಯಿಂದ ನನಗೆ ಆ ಬಾಗಿಲು ಕಾಣುತ್ತಿತ್ತು. ಪಾತ್ರೆ ತೊಳೆಯುವಾಗ ಆ ಕಡೆ ನೋಡುವುದನ್ನೇ ಬಿಟ್ಟೆ. ಮಾಂಯ್ ನಿದ್ದೆ ಹೋದಾಗ ಕೆಲಸ ಬಿಟ್ಟು ಹೋಗಿ ಹೊದಿಕೆ ಏಳುತ್ತಾ ಇಳಿಯುತ್ತಾ ಇದೆಯೋ ಅಂತ ನಿಂತು ನೋಡುತ್ತಿದ್ದೆ. ನನ್ನ ಗಂಡ ಮಿಜಾರಿನಲ್ಲಿ ಕಾಲೇಜು ಬಸ್ಸು ಓಡಿಸುವವರು. ಅವರು ಮನೆಯಲ್ಲಿಲ್ಲದ ದಿನ ಒಂದು ಕೆಮ್ಮು ಕೇಳಿದರೂ ಒಳಗೆ ಓಡುತ್ತಿದ್ದೆ.

ಆ ಹೊತ್ತು ಬಂದದ್ದು ಅವರು ಮನೆಯಲ್ಲೇ ಇದ್ದ ಒಂದು ಭಾನುವಾರ, ಬೆಳಿಗ್ಗೆ ಎಂಟಕ್ಕೆ. ಮಾಂಯ್‌ಗೆ ಉಸಿರು ಗೊರಗೊರ ಅನ್ನತೊಡಗಿತು, ತುಟಿ ನೀಲಿಯಾಯಿತು. ಆಸ್ಪತ್ರೆಗೆ ಹೋಗುವ ಅಂದದ್ದಕ್ಕೆ ಮಂಚದ ಪಟ್ಟಿ ಹಿಡಿದುಕೊಂಡು ಬೇಡ ಅಂದರು. ಮೂರು ಇಗರ್ಜಿಯ ಹೊಸ ಫಾದರಿಗೆ ಫೋನ್ ಮಾಡಿದೆ. ರಿಂಗಾಯಿತು, ನಿಂತಿತು. ಪೂಜೆಗೆ ನಿಂತವರು ಫೋನ್ ಎತ್ತುತ್ತಾರೆಯೇ? ಗಂಡ ಬೈಕ್ ಹತ್ತಿ ಸಿದ್ಧಕಟ್ಟೆ ದಾರಿಯಾಗಿ ಮೂಡಬಿದ್ರಿ ಕಡೆ ಓಡಿದರು. ಒಂಬತ್ತು ಗಂಟೆಗೆ ಅವರ ಫೋನ್: "ಇಲ್ಲಿ ಪೂಜೆ ಮುಗಿದಿದೆ. ಅವರು ಬೆಳ್ತಂಗಡಿ ಕಡೆಗೆ ಹೊರಟು ಹೋಗಿಯಾಯ್ತು. ನಾನು ವಾಮದಪದವು ದಾರಿಯಾಗಿ ಅವರ ಹಿಂದೆಯೇ ಹೋಗ್ತೇನೆ."

ನಾನು ಒಬ್ಬಳೇ ಮಂಚದ ಬದಿಯಲ್ಲಿ ಕೂತೆ. ಮಾಂಯ್ ಕಣ್ಣು ತೆರೆದರು.

"ಫಾದರ್ ಎಲ್ಲಿ?"

"ಬರ್ತಾ ಇದ್ದಾರೆ."

"ಪಟ್ಟಿಯಲ್ಲಿ ನನ್ನ ಹೆಸರು ಕೊಟ್ಟಿದ್ದೀಯಲ್ಲ?"

ಪಟ್ಟಿಯ ವಿಷಯ ಅವರಿಗೆ ಗೊತ್ತಿತ್ತು. ನೋಡಲು ಬಂದ ಯಾರೋ ಹೇಳಿರಬೇಕು. ಆ ಹೊತ್ತಿನಲ್ಲಿ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಇಲ್ಲ ಮಾಂಯ್. ನೀವು ಹೆದರ್ತೀರಿ ಅಂತ."

ಒಂದೊಂದು ಮಾತಿಗೂ ಅವರು ಉಸಿರು ಹುಡುಕಬೇಕಾಗಿತ್ತು.

"ಹೆದರ್ತಿದ್ದೆ," ಅಂದರು. "ಹೆದರಿದ್ರೂ ಕರೀಬೇಕಿತ್ತು."

ಆಮೇಲೆ ನನ್ನ ಮಣಿಕಟ್ಟು ಹಿಡಿದು, "ಹಾಗಾದ್ರೆ ನೀನೇ ಕೇಳು," ಅಂದರು.

ನಾನು ಗುರು ಅಲ್ಲ, ನನ್ನಿಂದ ಕ್ಷಮೆ ಕೊಡಲು ಆಗುವುದಿಲ್ಲ, ಅದು ಅವರಿಗೂ ಗೊತ್ತು. ಬೇಡ ಅನ್ನಲು ಬಾಯಿ ತೆರೆದೆ. ಅವರ ಹಿಡಿತ ಬಿಗಿಯಾಯಿತು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದೆ. ಅವರು ಹೇಳಿದ್ದು ಎರಡು ವಿಷಯ. ಮೊದಲನೆಯದು ಚಿಕ್ಕದು, ಎರಡನೆಯದು ಚಿಕ್ಕದಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಕೇಳಬಾರದ್ದನ್ನು ಕೇಳುತ್ತಿದ್ದೇನೆ, ಎದ್ದು ಹೋದರೆ ಇವರು ಅದನ್ನು ಹೊತ್ತುಕೊಂಡೇ ಹೋಗುತ್ತಾರೆ, ಎರಡೂ ಭಯ. ಮುಗಿದ ಮೇಲೆ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಇಬ್ಬರೂ ಸೇರಿ ಹೇಳತೊಡಗಿದೆವು. ಅರ್ಧದಿಂದ ಮುಂದೆ ನನ್ನ ಸ್ವರ ಮಾತ್ರ ಕೇಳಿತು.

ಹನ್ನೊಂದೂಕಾಲಿಗೆ ಫಾದರ್ ನನ್ನ ಗಂಡನ ಬೈಕಿನ ಹಿಂದೆ ಕೂತು ಬಂದರು. ನೀರೂ ಕುಡಿದಿರಲಿಲ್ಲ. ಮಾಂಯ್‌ಗೆ ಉಸಿರಿತ್ತು, ಮಾತಿರಲಿಲ್ಲ. ಫಾದರ್ ಹಣೆಗೂ ಅಂಗೈಗಳಿಗೂ ತೈಲ ಹಚ್ಚಿ, ಕೈ ಎತ್ತಿ ಕ್ಷಮೆಯ ಮಾತುಗಳನ್ನು ಹೇಳಿದರು. ಹೊರಗೆ ಬಂದು ನನ್ನನ್ನು ಕೇಳಿದರು, "ಮಾತು ನಿಲ್ಲುವ ಮುಂಚೆ ಏನಾದ್ರೂ ಹೇಳಿದ್ರಾ?"

"ಹೇಳಿದ್ರು ಫಾದರ್. ಎಲ್ಲ ಹೇಳಿದ್ರು."

"ನನಗೆ ಹೇಳಬೇಡಿ. ಯಾರಿಗೂ ಹೇಳಬೇಡಿ," ಅಂದರು. "ಕ್ಷಮೆಗೆ ಬೇಕಾದದ್ದು ದೇವರಿಗೆ ಮುಟ್ಟಿರ್ತದೆ." ಅಷ್ಟು ಹೇಳುವಾಗ ಅವರ ಸ್ವರವೂ ಗಟ್ಟಿಯಾಗಿರಲಿಲ್ಲ. ಚಾ ಮಾಡುತ್ತೇನೆ ಅಂದೆ. ಇನ್ನೊಂದು ಮನೆಯಿಂದ ಕರೆ ಉಂಟು ಅಂತ ಹೊರಟರು.

ಮಾಂಯ್ ಮತ್ತೆ ಮಾತಾಡಲಿಲ್ಲ. ಬುಧವಾರ ಮಧ್ಯಾಹ್ನ ತೀರಿಕೊಂಡರು. ಮರುದಿನ ಫಾದರಿಗೆ ಬೆಳ್ತಂಗಡಿ ಕಡೆಯಲ್ಲಿ ಒಂದು ಮದುವೆಯೂ ಒಂದು ಮರಣದ ಪೂಜೆಯೂ ಇದ್ದವು. ನಾವು ಶುಕ್ರವಾರ ಸಂಜೆಯವರೆಗೆ ಕಾದು ಮಣ್ಣು ಮಾಡಿದೆವು.